ಟವರಿನ ಪವರ್ ಹೆಚ್ಚಿಸಿ ಎಂದು ಅರ್ಜಿ ಬರೆಯುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನಮ್ಮೂರ ಶಾಲೆಯ ಜಗಲಿಯಲ್ಲಿ ಮೊಬೈಲ್ ನೆಟ್‌ವರ್ಕ್ ವಿಚಾರಕ್ಕೆ ಸಭೆ ಸೇರಿತ್ತು. ಐವತ್ತು ಅರವತ್ತು ಜನ ಬಂದಿದ್ದರು. ಸಂಜೆ ಏಳರಿಂದ ಹತ್ತರವರೆಗೆ ಫೋನಿನಲ್ಲಿ ನಾಲ್ಕು ಕಡ್ಡಿ ಇರುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಪಕ್ಕದ ಮನೆ ಹುಡುಗಿ ರಾತ್ರಿ ಎಂಟರ ಮೀಟಿಂಗಿಗಾಗಿ ಸ್ಕೂಟರ್ ಹತ್ತಿ ಪೇಟೆಗೆ ಹೋಗಿ, ನೆಂಟರ ಮನೆಯ ಜಗಲಿಯಲ್ಲಿ ಕೂತು ಮುಗಿಸಿ ಬರುತ್ತಾಳೆ. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳು ಒಂದು ಪಾಠದ ವಿಡಿಯೊ ನೋಡಲು ಅರ್ಧ ರಾತ್ರಿವರೆಗೆ ಕಾಯುತ್ತಾರೆ. ಎಲ್ಲರೂ ಹೇಳಿದ್ದು ನಿಜವೇ. ಕೊನೆಗೆ ಒಂದು ಅರ್ಜಿ ತಯಾರಾಯಿತು, ಅದರಲ್ಲಿ ಬೇಡಿಕೆ ಒಂದೇ ಸಾಲಿನದು: "ನಮ್ಮ ಗ್ರಾಮದ ಟವರಿನ ಪವರ್ ಹೆಚ್ಚಿಸಬೇಕು."

ನಾನೂ ಸಹಿ ಹಾಕಿ ಮನೆಗೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮೈಕ್ರೋವೇವ್ ರೇಡಿಯೊ ಕಟ್ಟಿ, ಬಿಚ್ಚಿ, ಮಳೆಯಲ್ಲಿ ಗುಡ್ಡ ಹತ್ತಿ ಸರಿಮಾಡಿದವನು ನಾನು. ನಮ್ಮೂರ ಟವರಿನ ಮೇಲಿರುವ ಆ ಬಿಳಿ ಡಿಶ್ ಕೂರಿಸಿದವರಲ್ಲಿ ನಾನೂ ಒಬ್ಬ. ಆ ಅರ್ಜಿ ಕೇಳುವುದನ್ನು ಕಂಪನಿಯವರು ನಾಳೆಯೇ ಕೊಟ್ಟರೂ ನಮ್ಮ ಸಂಜೆ ಏಳು ಗಂಟೆಯ ಕಷ್ಟ ಹಾಗೇ ಇರುತ್ತದೆ. ಅದು ಗೊತ್ತಿದ್ದೂ ಸಭೆಯಲ್ಲಿ ಸುಮ್ಮನಿದ್ದೆ. ಇಂಥದೇ ಅರ್ಜಿ ಮಲೆನಾಡಿನ ಬೇರೆ ಊರುಗಳಿಂದಲೂ ಹೋಗುತ್ತಿರುವುದನ್ನು ತಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಹಾಗಾಗಿ ಅಂದು ಆಡದೆ ಉಳಿದದ್ದನ್ನು ಈ ಪತ್ರದಲ್ಲಿ ಹೇಳುತ್ತಿದ್ದೇನೆ. ಉದ್ದವಾದರೆ ಕ್ಷಮಿಸಬೇಕು.

ಫೋನಿನಲ್ಲಿ ಕಾಣುವ ಕಡ್ಡಿಗಳು ನಮ್ಮ ಕೈಯಿಂದ ಟವರಿನವರೆಗಿನ ಸಂಗತಿಯನ್ನಷ್ಟೇ ಹೇಳುತ್ತವೆ. ಟವರಿಗೆ ತಲುಪಿದ ಮಾತು, ಚಿತ್ರ, ದುಡ್ಡಿನ ವ್ಯವಹಾರ ಎಲ್ಲ ಅಲ್ಲಿಂದ ಪೇಟೆಗೆ ಹೋಗಬೇಕಲ್ಲ? ಫೈಬರ್ ಇರುವ ಊರಿನಲ್ಲಿ ಅದು ನೆಲದೊಳಗೆ ಹೋಗುತ್ತದೆ. ನಮ್ಮಲ್ಲಿ ಕಾಡು, ಹಳ್ಳ, ಘಟ್ಟದ ತಿರುವು, ರಸ್ತೆ ಅಗಲ ಮಾಡುವ ಜೆಸಿಬಿ. ಹಾಗಾಗಿ ಗಾಳಿಯಲ್ಲೇ ಹೋಗುತ್ತದೆ. ಟವರಿನ ನಡುವೆ ದೊಡ್ಡ ತಟ್ಟೆಯಂತೆ ಕಟ್ಟಿರುವ ಗುಂಡು ಡಿಶ್ ಇರುವುದು ಇದಕ್ಕೆ. ನಾವು ಇದನ್ನು ಬ್ಯಾಕ್‌ಹಾಲ್ ಅನ್ನುತ್ತೇವೆ. ಒಂದು ಡಿಶ್ಶಿನಿಂದ ಇನ್ನೊಂದಕ್ಕೆ ಒಂದು ಹಾಪ್. ನಮ್ಮೂರಿನ ಹಾಪ್ 11 ಕಿಲೋಮೀಟರ್, 15 ಗಿಗಾಹರ್ಟ್ಸ್ ಬ್ಯಾಂಡು, ಎರಡೂ ತುದಿಯಲ್ಲಿ ಎರಡೆರಡು ಅಡಿಯ ಡಿಶ್, ಚಾನೆಲ್ಲಿನ ಅಗಲ 28 ಮೆಗಾಹರ್ಟ್ಸ್. ಈ ಕೊನೆಯ ಅಂಕಿಯ ಮೇಲೆ ಓದುಗರು ಸ್ವಲ್ಪ ಗಮನ ಇಡಬೇಕು. ನಮ್ಮ ದೇಶದಲ್ಲಿ ಮೊಬೈಲ್ ಕಂಪನಿಗಳಿಗೆ ಬ್ಯಾಕ್‌ಹಾಲಿಗೆಂದು ಸರ್ಕಾರ ಕೊಡುವ ಸಾಂಪ್ರದಾಯಿಕ ಮೈಕ್ರೋವೇವ್ ಕ್ಯಾರಿಯರ್, ಅಂದರೆ ಹೋಗಿಬರುವ ಚಾನೆಲ್ ಜೋಡಿ, ಒಂದೊಂದೂ ಹೋಗಲು 28, ಬರಲು 28 ಮೆಗಾಹರ್ಟ್ಸ್.

ಇನ್ನು ಪವರ್. ಸಭೆಯಲ್ಲಿ ಒಬ್ಬ ಅಜ್ಜಿ, "ಆ ತಟ್ಟೆ ಬಂದ ಮೇಲೆ ತೋಟದಲ್ಲಿ ಅಡಿಕೆ ಹಿಂಗಾರ ಒಣಗ್ತಾ ಇದೆ" ಅಂದರು. ಅವರ ಹೆದರಿಕೆಯನ್ನು ಹಗುರವಾಗಿ ನೋಡುವವನಲ್ಲ ನಾನು. ಆದರೆ ಅಂಕಿ ಹೇಳಬೇಕು. ಆ ಡಿಶ್ಶಿಗೆ ಹೋಗುವ ಪವರ್ 22 ಡಿಬಿಎಂ, ಅಂದರೆ ಒಂದು ವಾಟಿನ ಆರನೇ ಒಂದು ಭಾಗ. ದೇವರ ಕೋಣೆಯಲ್ಲಿ ಹಚ್ಚಿಡುವ ಸಣ್ಣ ಕೆಂಪು ಬಲ್ಬಿನಷ್ಟೂ ಇಲ್ಲ. ಅದೂ ಎರಡೂಕಾಲು ಡಿಗ್ರಿಯಷ್ಟು ಸಪೂರ ಕಿರಣವಾಗಿ, ಮರದ ತಲೆಯ ಮೇಲಿಂದ ಪೇಟೆಯ ಗುಡ್ಡಕ್ಕೆ ನೇರ ಹೋಗುತ್ತದೆ. ಅಲ್ಲಿ ತಲುಪುವಾಗ ಉಳಿಯುವುದು ಒಂದು ವಾಟಿನ ಕೋಟಿಯಲ್ಲಿ ಒಂದು ಭಾಗ. ಟವರುಗಳ ವಿಕಿರಣಕ್ಕೆ 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗದ ಮಿತಿ ಜಾರಿಗೆ ಬಂತು. ಹಿಂಗಾರದ ಕಾಯಿಲೆಗೆ ತೋಟಗಾರಿಕೆ ಇಲಾಖೆಯವರನ್ನು ಕರೆಸೋಣ, ಡಿಶ್ಶನ್ನು ದೂರುವುದು ಬೇಡ.

ಕೋಟಿಯಲ್ಲಿ ಒಂದು ಭಾಗ ಎಂದರೆ ಸಾಲದಾಯಿತು, ಅದಕ್ಕೇ ಪವರ್ ಬೇಕು ಅನ್ನಿಸಬಹುದು. ಸಭೆಯಲ್ಲಿ ಅಂಗಡಿಯವರು ಕೇಳಿದ್ದೂ ಅದನ್ನೇ: "ಅಲ್ಲ ಮಾರಾಯ್ರೆ, ಪವರ್ ಡಬಲ್ ಮಾಡಿದ್ರೆ ಸ್ಪೀಡೂ ಡಬಲ್ ಆಗೋದಿಲ್ವಾ?" ಇಲ್ಲ. ಯಾಕೆ ಇಲ್ಲ ಎಂಬುದನ್ನು ಅಂಗಳದ ರಂಗೋಲಿಯಿಂದ ಹೇಳುತ್ತೇನೆ. ಹೋಲಿಕೆಗಾಗಿ ಹುಡುಕಿ ತಂದದ್ದಲ್ಲ; ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರೆ ರೇಡಿಯೊ ತೋರಿಸುವ ಚಿತ್ರವೇ ಚುಕ್ಕಿ ರಂಗೋಲಿ.

256 ಕ್ವಾಮ್ ಎಂಬ ಕ್ರಮದಲ್ಲಿ ಅಡ್ಡ 16, ಉದ್ದ 16 ಚುಕ್ಕಿ. ರೇಡಿಯೊ ಪ್ರತಿ ಸಲ ಅದರಲ್ಲಿ ಒಂದು ಚುಕ್ಕಿಯನ್ನು ಕಳಿಸುತ್ತದೆ. ಆ ತುದಿಯವನು ಯಾವ ಚುಕ್ಕಿ ಬಂತು ಎಂದು ಗುರುತು ಹಿಡಿಯಬೇಕು. 256ರಲ್ಲಿ ಒಂದನ್ನು ಗುರುತಿಸಿದರೆ 8 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಗುರುತು, ತಲುಪಿದ ಹಾಗೆ. ಆದರೆ ಚುಕ್ಕಿ ಅಲ್ಲಾಡದೆ ಬರುವುದಿಲ್ಲ. ರಿಸೀವರಿನ ಬಿಸಿಯಿಂದಲೇ ಹುಟ್ಟುವ ಗದ್ದಲ ಪ್ರತಿ ಚುಕ್ಕಿಯನ್ನೂ ಸ್ವಲ್ಪ ಒರೆಸಿ ಹಾಕುತ್ತದೆ, ಜಡಿ ಹನಿ ಬಿದ್ದ ರಂಗೋಲಿಯ ಹಾಗೆ. ಚುಕ್ಕಿಗಳು ದೂರ ದೂರ ಇದ್ದರೆ ಚಿಂತೆಯಿಲ್ಲ, ಒತ್ತೊತ್ತಾಗಿದ್ದರೆ ಪಕ್ಕದ ಚುಕ್ಕಿಯ ಜೊತೆ ಕಲಸಿಹೋಗುತ್ತದೆ.

ಈಗ 8 ಬಿಟ್ಟಿನ ಬದಲು 10 ಬಿಟ್ ಬೇಕು ಎನ್ನಿ. 1024 ಚುಕ್ಕಿ, ಅಂದರೆ 32ಕ್ಕೆ 32. ಚುಕ್ಕಿಗಳ ನಡುವಿನ ಅಂತರ ಮೊದಲಿನಷ್ಟೇ ಇರಬೇಕಾದರೆ ಅಂಗಳದ ಒಂದೊಂದು ಬದಿಯೂ ಎರಡು ಪಟ್ಟಾಗಬೇಕು, ಅಂಗಳ ನಾಲ್ಕು ಪಟ್ಟಾಗಬೇಕು. ಆ ಅಂಗಳವೇ ಪವರ್. ನಾಲ್ಕು ಪಟ್ಟು ಪವರ್ ಸುರಿದರೆ ಸಿಗುವುದು 8ರ ಜಾಗದಲ್ಲಿ 10, ನೂರಕ್ಕೆ ಇಪ್ಪತ್ತೈದು. ಅಂಗಡಿಯವರು ಕೇಳಿದಂತೆ ಪವರ್ ಡಬಲ್ ಮಾಡಿದರೆ ಸಿಗುವುದು ಒಂದು ಬಿಟ್, ನೂರಕ್ಕೆ ಹನ್ನೆರಡೂವರೆ. ಪವರಿನಿಂದಲೇ ವೇಗವನ್ನು ಇಮ್ಮಡಿ ಮಾಡುತ್ತೇನೆ ಎಂದು ಹೊರಟರೆ 16 ಬಿಟ್ ಬೇಕು, 65,536 ಚುಕ್ಕಿ, ಪವರ್ 256 ಪಟ್ಟು. ಒಂದು ವಾಟಿನ ಆರನೇ ಒಂದು ಭಾಗದ ಜಾಗದಲ್ಲಿ ಸುಮಾರು 40 ವಾಟ್. ಟವರಿನ ಮೇಲೆ ಡಿಶ್ಶಿನ ಬೆನ್ನಿಗೆ ಕೂರುವ ಯಾವ ರೇಡಿಯೊದಿಂದಲೂ ಅದು ಸಾಧ್ಯವಿಲ್ಲ.

ಬ್ಯಾಂಡ್‌ವಿಡ್ತ್ ಅಂದರೆ ಚಾನೆಲ್ಲಿನ ಅಗಲ ಬೇರೆಯೇ ಜಾತಿಯದು. ಸೆಕೆಂಡಿಗೆ ಎಷ್ಟು ಸಲ ಚುಕ್ಕಿ ಕಳಿಸಬಹುದು ಎಂಬುದನ್ನು ಅದು ತೀರ್ಮಾನಿಸುತ್ತದೆ. 28 ಮೆಗಾಹರ್ಟ್ಸಿನಲ್ಲಿ ಸುಮಾರು ಎರಡೂವರೆ ಕೋಟಿ ಸಲ. ಎಂಟೆಂಟು ಬಿಟ್ಟಿನಂತೆ ಲೆಕ್ಕ ಹಾಕಿದರೆ 200 ಮೆಗಾಬಿಟ್, ತಪ್ಪು ತಿದ್ದುವ ಹೆಚ್ಚುವರಿ ಬಿಟ್ಟುಗಳನ್ನು ಕಳೆದರೆ ಸುಮಾರು 180. ಅಗಲ 56 ಆಯಿತೆನ್ನಿ, ಐದು ಕೋಟಿ ಸಲ. ನಿಜ, ಬಾಗಿಲು ದೊಡ್ಡದಾದರೆ ಗದ್ದಲವೂ ಎರಡರಷ್ಟು ಒಳಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ 3 ಡಿಬಿ ನಷ್ಟ, ಅಂದರೆ ಗದ್ದಲದ ಎದುರು ಸಿಗ್ನಲ್ ಅರ್ಧಕ್ಕೆ ಇಳಿದ ಹಾಗೆ. ಪವರ್ ಒಂದು ಮಿಲಿವಾಟೂ ಏರಿಸದೆ ಆ ನಷ್ಟವನ್ನು ನುಂಗಿಕೊಂಡು ಒಂದು ಬಿಟ್ ಬಿಟ್ಟುಕೊಟ್ಟರೂ, ಐದು ಕೋಟಿ ಸಲ ಏಳೇಳು ಬಿಟ್, 350 ಮೆಗಾಬಿಟ್. 200ರಿಂದ 350ಕ್ಕೆ! ಪವರ್ ಡಬಲ್ ಮಾಡಿದವನಿಗೆ ಸಿಕ್ಕಿದ್ದು 225. ಈ ಎರಡು ಅಂಕಿಗಳನ್ನು ಸಭೆಯ ಕಪ್ಪು ಹಲಗೆಯ ಮೇಲೆ ಅಂದೇ ಬರೆಯಬೇಕಿತ್ತು.

ಬೆಂಗಳೂರಿನಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ, ಶುರುವಾದ 1948ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ ಈ ಲೆಕ್ಕವನ್ನು ಸೂತ್ರ ಮಾಡಿ ಪ್ರಕಟಿಸಿದರು. ನಾನು ಮೊದಲು ಕೈಯಿಟ್ಟ ರೇಡಿಯೊ ದೂರವಾಣಿನಗರದ ಆ ಕಾರ್ಖಾನೆಯದು. ಸೂತ್ರ ಹಳೆಯದಾದರೂ ಅದನ್ನು ದಾಟಿ ಹೋದ ರೇಡಿಯೊವನ್ನು ಯಾರೂ ಇನ್ನೂ ಮಾಡಿಲ್ಲ.

ನಮ್ಮ ಸಂಜೆಯ ಕಷ್ಟಕ್ಕೆ ಕಾರಣ ಇಲ್ಲೇ ಇದೆ. ನಮ್ಮ ಟವರಿನ ಆಚೆ, ಕಾಡಿನ ಒಳಗೆ ಇನ್ನೂ ಎರಡು ಟವರುಗಳಿವೆ. ಅವುಗಳ ಸಂಚಾರವೂ ನಮ್ಮ ಡಿಶ್ಶಿಗೆ ಬಂದು, ಇದೇ ಹಾಪ್ ಹಿಡಿದು ಪೇಟೆಗೆ ಹೋಗಬೇಕು. ಒಂದು ಟವರಿಗೆ ಮೂರು ಸೆಕ್ಟರ್, ಅಂದರೆ ಫೋನುಗಳ ಕಡೆಗೆ ಮೂರು ದಿಕ್ಕಿನ ಆಂಟೆನಾ. 20 ಮೆಗಾಹರ್ಟ್ಸಿನ 4ಜಿಯಲ್ಲಿ ಒಂದು ಸೆಕ್ಟರ್ ಒಂದೇ 150 ಮೆಗಾಬಿಟ್‌ವರೆಗೆ ಕೊಡಬಲ್ಲದು. ಅಂಥ ಒಂಬತ್ತು ಸೆಕ್ಟರುಗಳು 180 ಮೆಗಾಬಿಟ್ಟಿನ ಒಂದು ಓಣಿಯಲ್ಲಿ ನುಗ್ಗಬೇಕು. ಬೆಳಿಗ್ಗೆ ಆರಕ್ಕೆ ತೊಂದರೆಯಿಲ್ಲ. ಸಂಜೆ ಎಲ್ಲರೂ ತೋಟದಿಂದ ಬಂದು ಕೈಕಾಲು ತೊಳೆದು ಫೋನ್ ಹಿಡಿದಾಗ ಕಡ್ಡಿ ನಾಲ್ಕಿರುತ್ತದೆ, ಓಣಿ ಕಟ್ಟಿಕೊಂಡಿರುತ್ತದೆ. ಟವರಿನ ಪವರ್ ಏರಿಸಿದರೆ ಐದನೇ ಕಡ್ಡಿ ಬರಬಹುದು.

ಇಷ್ಟು ಸರಳವಾದ ಸಂಗತಿ ಅರ್ಜಿ ಬರೆಯುವವರಿಗೆ ಮಾತ್ರವಲ್ಲ, ರೇಡಿಯೊ ಕೊಳ್ಳುವವರಿಗೂ ಮರೆತುಹೋಗುತ್ತದೆ. ಅದಕ್ಕೆ ಬ್ರೋಷರುಗಳೂ ಕಾರಣ. ನಾನು ಕೆಲಸದಲ್ಲಿದ್ದಾಗ ಒಮ್ಮೆ ಖರೀದಿ ಸಮಿತಿಯ ಮುಂದೆ ಎರಡು ರೇಡಿಯೊಗಳ ಹೋಲಿಕೆ ಬಂತು. ಒಂದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ 30 ಡಿಬಿಎಂ, ಅಂದರೆ ಒಂದು ವಾಟ್. ಇನ್ನೊಂದರಲ್ಲಿ 26. "ನಾಲ್ಕು ಡಿಬಿ ಹೆಚ್ಚು, ಎರಡೂವರೆ ಪಟ್ಟು, ಯೋಚನೆ ಏನು?" ಅಂದರು ಹಿರಿಯರು. ನಾನು ಸಮಿತಿಯ ಸದಸ್ಯನಲ್ಲ, ಕಡತ ತಂದುಕೊಟ್ಟವನು. ಕೊನೆಯ ಪುಟದ ಕೋಷ್ಟಕ ತೆಗೆದು ತೋರಿಸಿದೆ. ಆ 30 ಡಿಬಿಎಂ ಇದ್ದದ್ದು ನಾಲ್ಕೇ ಚುಕ್ಕಿಯ ಕ್ಯೂಪಿಎಸ್‌ಕೆಗೆ. ನಾವು ಓಡಿಸಬೇಕಿದ್ದ 1024 ಕ್ವಾಮ್‌ಗೆ ಅದೇ ರೇಡಿಯೊ ಕೊಡುತ್ತಿದ್ದದ್ದು 22. ಇನ್ನೊಂದು ರೇಡಿಯೊ ಅದೇ ಕ್ರಮದಲ್ಲಿ 23 ಕೊಡುತ್ತಿತ್ತು.

ಹೀಗೇಕೆ ಎಂದರೆ ಮತ್ತೆ ರಂಗೋಲಿಗೇ ಬರಬೇಕು. ನಡುವಿನ ಚುಕ್ಕಿಗಳಿಗೆ ಕಡಿಮೆ ಪವರ್ ಸಾಕು, ನಾಲ್ಕು ಮೂಲೆಯ ಚುಕ್ಕಿಗಳಿಗೆ ಅತಿ ಹೆಚ್ಚು ಬೇಕು. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದರೆ ಮೂಲೆಯ ಚುಕ್ಕಿಗಳು ಹೊರಗೆ ನಿಲ್ಲಲಾಗದೆ ಒಳಕ್ಕೆ ಬಾಗುತ್ತವೆ, ಚೌಕದ ಅಂಗಳ ದಿಂಬಿನಂತಾಗುತ್ತದೆ. ನಾಲ್ಕೇ ಚುಕ್ಕಿ ಇದ್ದರೆ ಬಾಗಿದರೂ ಗುರುತು ಸಿಗುತ್ತದೆ. ಸಾವಿರ ಚುಕ್ಕಿಯಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ಚುಕ್ಕಿ ಹೆಚ್ಚಾದಷ್ಟೂ ರೇಡಿಯೊ ತನ್ನ ಪವರನ್ನು ತಾನೇ ಇಳಿಸಿಕೊಳ್ಳುತ್ತದೆ. ಬ್ರೋಷರಿನ ಮೊದಲ ಪುಟದಲ್ಲಿರುವ ಪವರ್ ಅತಿ ಕಡಿಮೆ ವೇಗದ್ದು, ಅದರ ಪಕ್ಕದಲ್ಲೇ ಇರುವ ವೇಗ ಅತಿ ಕಡಿಮೆ ಪವರಿನದ್ದು. ಎರಡೂ ಒಂದೇ ಹೊತ್ತಿನಲ್ಲಿ ಯಾವ ಟವರಿನಲ್ಲೂ ಸಿಗುವುದಿಲ್ಲ. ವೇಗದ ಅಂಕಿಯನ್ನೂ 112 ಮೆಗಾಹರ್ಟ್ಸ್ ಅಗಲಕ್ಕೆ ಹಾಕಿದ್ದರು. ನಮ್ಮ ಲೈಸೆನ್ಸ್ 28ಕ್ಕೆ. ಅಷ್ಟು ಸಾಲದೆಂಬಂತೆ, 64 ಬೈಟಿನ ಸಣ್ಣ ಪ್ಯಾಕೆಟ್ಟುಗಳ ತಲೆಪಟ್ಟಿಯನ್ನು (ವಿಳಾಸ ಬರೆದಿರುವ ಭಾಗವನ್ನು) ಕುಗ್ಗಿಸಿ ಕಳಿಸಿದಾಗ ಬರುವ ಉಬ್ಬಿದ ಅಂಕಿ ಅದು. ಜನ ನೋಡುವ ವಿಡಿಯೊದ ಪ್ಯಾಕೆಟ್ಟುಗಳು ದೊಡ್ಡವು, ಅಲ್ಲಿ ಈ ಉಳಿತಾಯ ಅಷ್ಟಿಲ್ಲ.

ಸಮಿತಿ ಕೊನೆಗೂ 30 ಡಿಬಿಎಂನ ರೇಡಿಯೊವನ್ನೇ ಕೊಂಡಿತು. ಯಾವ ಕಂಪನಿ ಎಂದು ಹೇಳಿ ಈಗ ಪ್ರಯೋಜನವಿಲ್ಲ. ಇಂದಿಗೂ ಟೆಂಡರ್ ಬರೆಯುವ ಕಿರಿಯರಿಗೆ ನನ್ನ ಕೋರಿಕೆ: ಒಂದೇ ಚಾನೆಲ್ ಅಗಲ, ಒಂದೇ ಚುಕ್ಕಿ ಕ್ರಮ, ಒಂದೇ ಪ್ಯಾಕೆಟ್ ಗಾತ್ರ ಇಟ್ಟುಕೊಂಡು ಪವರ್ ಕೇಳಿ. ಅದರ ಜೊತೆಗೆ ರಿಸೀವರ್ ಎಷ್ಟು ಕ್ಷೀಣ ಸದ್ದನ್ನು ಹಿಡಿಯಬಲ್ಲದು ಎಂಬುದನ್ನೂ ಕೂಡಿಸಿ ನೋಡಿ. ಒಂದು ರೇಡಿಯೊ ಒಂದು ಡಿಬಿ ಕಡಿಮೆ ಕೂಗಿದರೂ ಎರಡು ಡಿಬಿ ಹೆಚ್ಚು ಕೇಳಿಸಿಕೊಂಡರೆ ಅದೇ ಒಳ್ಳೆಯದು.

ಪವರ್ ಏರಿಸುವುದರಿಂದ ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಿದೆ, ಮತ್ತು ಅದು ಪಕ್ಕದ ಊರಿನವರ ಪಾಲಿಗೆ ಬರುತ್ತದೆ. ಪೇಟೆಯ ಗುಡ್ಡದ ಮೇಲಿನ ಟವರಿನಲ್ಲಿ ಒಂಬತ್ತು ಡಿಶ್ಶುಗಳಿವೆ, ಒಂಬತ್ತು ದಿಕ್ಕಿಗೆ. ಕ್ಯಾರಿಯರ್ ಇರುವುದು ಮೂರೋ ನಾಲ್ಕೋ. ಒಂದೇ ಕ್ಯಾರಿಯರನ್ನು ಬೇರೆ ಬೇರೆ ದಿಕ್ಕಿಗೆ ಮತ್ತೆ ಮತ್ತೆ ಬಳಸಬೇಕು. ಒಬ್ಬರ ದನಿ ಏರಿದರೆ ಪಕ್ಕದವರಿಗೆ ಕಿವಿ ಕೇಳುವುದಿಲ್ಲ.

ಬಹಳ ವರ್ಷದ ಹಿಂದಿನ ಒಂದು ಪುಷ್ಯ ಮಳೆಯ ದಿನ ಹೇಳುತ್ತೇನೆ. ಹೊಸದಾಗಿ ಕಟ್ಟಿದ ಒಂದು ಹಾಪಿನಲ್ಲಿ ಲೆಕ್ಕಕ್ಕಿಂತ 20 ಡಿಬಿ ಕಡಿಮೆ ಬರುತ್ತಿತ್ತು, ನೂರರಲ್ಲಿ ಒಂದು ಪಾಲು. ಕಚೇರಿಯಿಂದ ಫೋನು ಬಂತು: "ಪವರ್ ಏರಿಸಿ, ಇವತ್ತೇ ಹ್ಯಾಂಡೋವರ್ ಆಗಬೇಕು." ನಾಲ್ಕು ಪಟ್ಟು ಏರಿಸಿದೆವು, ಅದಕ್ಕಿಂತ ಏರುತ್ತಿರಲಿಲ್ಲ. ಹಾಪ್ ಹೇಗೋ ಕುಂಟುತ್ತಾ ಎದ್ದು ನಿಂತಿತು. ಒಂದು ಗಂಟೆಯೊಳಗೆ ಪಕ್ಕದ ದಿಕ್ಕಿನ, ಅದೇ ಕ್ಯಾರಿಯರಿನ ಹಾಪ್‌ನಲ್ಲಿ ತಪ್ಪುಗಳು ಶುರುವಾದವು. ಆ ತುದಿಯಲ್ಲಿ ಒಂದು ಆಸ್ಪತ್ರೆಯಿರುವ ಊರು. ನಮ್ಮ ರಿಗ್ಗರ್ ಹುಡುಗ ಮಳೆ ಸ್ವಲ್ಪ ಬಿಟ್ಟಾಗ ಬೆಲ್ಟ್ ಕಟ್ಟಿಕೊಂಡು ಮತ್ತೆ ಹತ್ತಿದ. ರೇಡಿಯೊದ ಬೆನ್ನಿಗಿರುವ ಪಿನ್ನಿಗೆ ಮಲ್ಟಿಮೀಟರ್ ಸಿಕ್ಕಿಸಿ, ಡಿಶ್ಶಿನ ಬೋಲ್ಟ್ ಸಡಿಲಿಸಿ, ಎಡಕ್ಕೆ ನಿಧಾನವಾಗಿ ತಿರುಗಿಸಿದ. ವೋಲ್ಟೇಜ್ ಇಳಿಯಿತು, ಪೂರ್ತಿ ಸತ್ತಿತು, ಆಮೇಲೆ ಒಮ್ಮೆಲೇ ಏರಿ ನಿಂತಿತು. ನಾವು ಅಷ್ಟು ಹೊತ್ತೂ ಡಿಶ್ಶನ್ನು ಕಿರಣದ ನಡುವಿಗೆ ಕೂರಿಸಿರಲಿಲ್ಲ, ಪಕ್ಕದ ಸಣ್ಣ ಕವಲಿಗೆ ಕೂರಿಸಿದ್ದೆವು. ಬೋಲ್ಟ್ ಬಿಗಿಮಾಡಿ, ಏರಿಸಿದ ಪವರನ್ನೆಲ್ಲ ಇಳಿಸಿ, ಮೊದಲಿಗಿಂತಲೂ ಕಡಿಮೆ ಮಾಡಿ ಬಂದೆವು. ಕಾಲಿಗೆ ಕಚ್ಚಿದ್ದ ಉಂಬಳಗಳನ್ನು ಜೀಪಿನಲ್ಲಿ ಕೂತು ಕಿತ್ತೆವು. ಆ ಹುಡುಗ ಈಗ ಎಲ್ಲಿದ್ದಾನೋ. ಆ ದಿನದ ನಂತರ ಪವರಿನ ಗುಂಡಿಗೆ ಕೈ ಹಾಕುವ ಮೊದಲು ಡಿಶ್ಶಿನ ಕಡೆ ನೋಡುವುದು ನನಗೆ ಅಭ್ಯಾಸವಾಯಿತು.

ಡಿಶ್ಶಿನ ವಿಷಯಕ್ಕೇ ಬಂದೆ. ಎರಡಡಿಯ ಡಿಶ್ ತೆಗೆದು ನಾಲ್ಕಡಿಯದು ಕಟ್ಟಿದರೆ ಒಂದು ತುದಿಯಲ್ಲಿ 6 ಡಿಬಿ, ಎರಡೂ ತುದಿಯಲ್ಲಿ 12 ಡಿಬಿ ಸಿಗುತ್ತದೆ. ಪವರನ್ನು ಹದಿನಾರು ಪಟ್ಟು ಮಾಡಿದ್ದಕ್ಕೆ ಸಮ. ಕಿರಣ ಇನ್ನೂ ಸಪೂರವಾಗುವುದರಿಂದ ಪಕ್ಕದವರಿಗೆ ತೊಂದರೆ ಕಡಿಮೆಯಾಗುತ್ತದೆ. ಗಾಳಿಯ ಹೊರೆ ಹೆಚ್ಚುತ್ತದೆ, ಟವರ್ ತಡೆಯುತ್ತದೆಯೇ ಎಂದು ಸಿವಿಲ್‌ನವರು ನೋಡಬೇಕು, ಅಲೈನ್‌ಮೆಂಟಿಗೆ ಹೆಚ್ಚು ತಾಳ್ಮೆ ಬೇಕು. ಅಷ್ಟೇ.

ಆ ಡಿಬಿಗಳು ನಮಗೆ ನಿಜವಾಗಿ ಬೇಕಾಗುವುದು ಮಳೆಗೆ. ಆಗುಂಬೆಯ ಸೆರಗಿನಲ್ಲಿ ಕೂತವರು ನಾವು. ಆದರೂ ಹೊರಗಿನವರು ಅಂದುಕೊಳ್ಳುವಂತೆ ಆಷಾಢದ ಜಡಿಮಳೆ ನಮ್ಮ ಹಾಪಿಗೆ ದೊಡ್ಡ ಶತ್ರುವಲ್ಲ. ವರ್ಷಕ್ಕೆ ಎಷ್ಟು ಬಿತ್ತು ಎಂಬುದು ರೇಡಿಯೊಗೆ ಬೇಕಿಲ್ಲ, ಗಂಟೆಗೆ ಎಷ್ಟು ಎಂಬುದು ಬೇಕು. ದಿನವಿಡೀ ಸುರಿಯುವ ಸೋನೆ ಗಂಟೆಗೆ 10 ಮಿಲಿಮೀಟರ್ ಇದ್ದರೆ 15 ಗಿಗಾಹರ್ಟ್ಸಿನಲ್ಲಿ ಕಿಲೋಮೀಟರಿಗೆ ಅರ್ಧ ಡಿಬಿಗಿಂತ ಸ್ವಲ್ಪ ಹೆಚ್ಚು ನುಂಗುತ್ತದೆ, ಇಡೀ ಹಾಪಿಗೆ ಆರೇಳು. ನಮ್ಮಲ್ಲಿ 256 ಕ್ವಾಮ್ ಓಡಲು ಬೇಕಾದ್ದಕ್ಕಿಂತ 27 ಡಿಬಿಯಷ್ಟು ಹೆಚ್ಚು ಸಿಗ್ನಲ್ ಇದೆ, ಅದರಲ್ಲೇ ಜೀರ್ಣವಾಗುತ್ತದೆ. ಭಯ ಭರಣಿ, ಕೃತ್ತಿಕೆಯ ಗುಡುಗು ಮಳೆಯದು. ಗಂಟೆಗೆ 100 ಮಿಲಿಮೀಟರಿನ ವೇಗದಲ್ಲಿ ಹೊಡೆದರೆ ಕಿಲೋಮೀಟರಿಗೆ 6ರಿಂದ 8 ಡಿಬಿ ಹೋಗುತ್ತದೆ. ಐದಾರು ಕಿಲೋಮೀಟರ್ ಅಂಥ ಮೋಡ ಕವಿದರೆ 27 ಡಿಬಿ ಸಾಲುವುದಿಲ್ಲ. ಆಗ ಈಗಿನ ರೇಡಿಯೊಗಳು ತಾವಾಗಿಯೇ ಚುಕ್ಕಿ ಕಡಿಮೆ ಮಾಡುತ್ತಾ ನಾಲ್ಕಕ್ಕೆ ಇಳಿಯುತ್ತವೆ, ಇಳಿದಂತೆ ಪವರ್ ಏರಿಸಿಕೊಳ್ಳುತ್ತವೆ. ಫೋನ್ ಕರೆ ಉಳಿಯುತ್ತದೆ, ವಿಡಿಯೊ ಸಾಯುತ್ತದೆ. ಮೋಡ ಸರಿದರೆ ಹದಿನೈದು ನಿಮಿಷದಲ್ಲಿ ಎಲ್ಲ ಸರಿ. ಆ ಹದಿನೈದು ನಿಮಿಷಕ್ಕೆ ಮಾತ್ರ ಹೆಚ್ಚಿನ ಪವರ್ ಬೇಕು. ಬಾನು ತಿಳಿಯಾಗಿದ್ದಾಗ ತಾನಾಗಿಯೇ ಇಳಿಸುವ ಏರ್ಪಾಡು ರೇಡಿಯೊದಲ್ಲೇ ಇರುತ್ತದೆ, ಅದನ್ನು ಆನ್ ಮಾಡಿಡಬೇಕು. ಎಷ್ಟೋ ಕಡೆ ಅದು ಆಫ್ ಆಗಿಯೇ ಇರುವುದನ್ನು ಕಣ್ಣಾರೆ ಕಂಡಿದ್ದೇನೆ.

ಅಗಲ ಬೇಕಾದರೆ 70, 80 ಗಿಗಾಹರ್ಟ್ಸಿನ ಇ-ಬ್ಯಾಂಡ್ ಇದೆಯಲ್ಲ ಎಂದು ನಗರದ ಇಂಜಿನಿಯರುಗಳು ಹೇಳುತ್ತಾರೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇ-ಬ್ಯಾಂಡಿನಲ್ಲಿ ಕಂಪನಿಗಳಿಗೆ 250 ಮೆಗಾಹರ್ಟ್ಸಿನ ಎರಡೆರಡು ಕ್ಯಾರಿಯರುಗಳನ್ನು ತಾತ್ಕಾಲಿಕವಾಗಿ ಕೊಡಲು ನಿರ್ಧರಿಸಿತು. ಬೆಂಗಳೂರಿನ ಎರಡು ಕಟ್ಟಡಗಳ ನಡುವೆ ಅದು ಬಹಳ ಒಳ್ಳೆಯದು. ಆ ಅಲೆಯ ಉದ್ದ ನಾಲ್ಕು ಮಿಲಿಮೀಟರ್ ಆಸುಪಾಸು. ಜಗದೀಶಚಂದ್ರ ಬೋಸ್ ಅವರು 1895ರ ಹೊತ್ತಿಗೇ ಕೋಲ್ಕತ್ತದಲ್ಲಿ ಮಿಲಿಮೀಟರ್ ಅಲೆಗಳ ಮೇಲೆ ಕೆಲಸ ಮಾಡಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಮಳೆಹನಿಯ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ನಾನು ಹೇಳಿದ ಆ ಗುಡುಗು ಮಳೆಯಲ್ಲಿ ಇ-ಬ್ಯಾಂಡ್ ಕಿಲೋಮೀಟರಿಗೆ ಸುಮಾರು 30 ಡಿಬಿ ಕಳೆದುಕೊಳ್ಳುತ್ತದೆ. 11 ಕಿಲೋಮೀಟರಿಗೆ ಅದು ಆಗದ ಮಾತು. ಮಲೆನಾಡಿಗೆ ಅಗಲ ಬೇಕಾದದ್ದು 7 ಮತ್ತು 15 ಗಿಗಾಹರ್ಟ್ಸಿನಲ್ಲೇ. 7ರಲ್ಲಿ ಅದೇ ಮಳೆ ಕಿಲೋಮೀಟರಿಗೆ ಎರಡು ಡಿಬಿಯನ್ನೂ ತಿನ್ನುವುದಿಲ್ಲ.

ನನ್ನ ಕಳವಳ ಇರುವುದು ಇಲ್ಲಿಯೇ. 2027ರ ಜಾಗತಿಕ ರೇಡಿಯೊ ಸಮ್ಮೇಳನದ ಕಾರ್ಯಸೂಚಿಯಲ್ಲಿ 7.125ರಿಂದ 8.4 ಹಾಗೂ 14.8ರಿಂದ 15.35 ಗಿಗಾಹರ್ಟ್ಸ್ ಪಟ್ಟಿಗಳನ್ನು ಮುಂದಿನ ಪೀಳಿಗೆಯ ಮೊಬೈಲಿಗೆ ಬಳಸಬಹುದೇ ಎಂಬ ಅಧ್ಯಯನ ಇದೆ. ನಗರದವರ ಫೋನಿಗೆ ಇನ್ನಷ್ಟು ವೇಗ ಸಿಗುವುದು ಬೇಡ ಎನ್ನುವವನಲ್ಲ ನಾನು. ಆದರೆ ಆ ಪಟ್ಟಿಗಳಿರುವ ಬ್ಯಾಂಡುಗಳ ಮೇಲೆಯೇ ಫೈಬರ್ ಬಾರದ ಗುಡ್ಡದ ಊರುಗಳ ಡಿಶ್ಶುಗಳು ನಿಂತಿವೆ. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 6, 7, 13, 15, 18, 21 ಗಿಗಾಹರ್ಟ್ಸ್ ಬ್ಯಾಂಡುಗಳ ಬ್ಯಾಕ್‌ಹಾಲ್ ಹಂಚಿಕೆಯ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತ್ತು. ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದಿತ್ತು. ನಮ್ಮ ಪಂಚಾಯಿತಿಯಿಂದ ಒಂದು ಸಾಲೂ ಹೋಗಲಿಲ್ಲ, ನಾನೂ ಕಳಿಸಲಿಲ್ಲ. ಮಂಡಿನೋವಿನ ನೆಪ ಹೇಳಿಕೊಂಡು ಕೂತೆ. ಅದರ ಬಗ್ಗೆ ಈಗಲೂ ಬೇಸರವಿದೆ.

ಶುಲ್ಕದ ವಿಚಾರವನ್ನೂ ಹೇಳಬೇಕು. ಸ್ವಂತ ಬಳಕೆಗೆ ಮೈಕ್ರೋವೇವ್ ಹಾಪ್ ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಸರ್ಕಾರ ಹಾಕುವ ಸೂತ್ರದಲ್ಲಿ ದೂರ ಇದೆ, ಚಾನೆಲ್ಲಿನ ಅಗಲ ಇದೆ, ಚಾನೆಲ್ಲುಗಳ ಸಂಖ್ಯೆ ಇದೆ; ಪವರಿಗೆ ದುಡ್ಡಿಲ್ಲ. ಮೊಬೈಲ್ ಕಂಪನಿಗಳು ಕ್ಯಾರಿಯರ್ ಹೆಚ್ಚಾದಂತೆ ಆದಾಯದಲ್ಲಿ ಹೆಚ್ಚು ಪಾಲು ಕೊಡುತ್ತಾ ಬಂದಿವೆ. ಅಗಲಕ್ಕೆ ಕಾಸು ಬಿಚ್ಚಬೇಕು, ಪವರ್ ಲೈಸೆನ್ಸಿನ ಮಿತಿಯೊಳಗೆ ಪುಕ್ಕಟೆ. ಅರ್ಜಿ ಹಿಡಿದು ಹೋದವರಿಗೆ "ಪವರ್ ಏರಿಸಿಕೊಡುತ್ತೇವೆ" ಎಂಬ ಉತ್ತರ ಅಷ್ಟು ಸುಲಭವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ ಎಂದೇ ನಾನು ನಂಬಿದ್ದೇನೆ. ಜನಸಂಖ್ಯೆ ಕಡಿಮೆಯಿರುವ ಗುಡ್ಡಗಾಡಿನಲ್ಲಿ ಎರಡನೆಯ ಕ್ಯಾರಿಯರಿಗೆ ರಿಯಾಯಿತಿ ಕೊಟ್ಟರೆ ಸರ್ಕಾರ ಕಳೆದುಕೊಳ್ಳುವುದು ಅಲ್ಪ. ಆ ಕ್ಯಾರಿಯರನ್ನು ಇಲ್ಲಿ ಬೇರೆ ಯಾರೂ ಬಳಸುತ್ತಿಲ್ಲ. ನಮ್ಮ ಕಾಡಿನ ಮೇಲೆ ಅದು ಖಾಲಿಯಾಗಿಯೇ ಬಿದ್ದಿದೆ.

ಹಾಗಾಗಿ ನಮ್ಮೂರ ಅರ್ಜಿಯನ್ನು ತಿದ್ದಬೇಕೆಂದು ಮೊನ್ನೆ ಪಂಚಾಯಿತಿ ಅಧ್ಯಕ್ಷರ ಮನೆಗೆ ಹೋಗಿ ಹೇಳಿ ಬಂದೆ. ಅವರು ಬೇಸರಿಸದೆ ಚಹಾ ಕೊಟ್ಟು ಕೇಳಿದರು. ಹೊಸ ಅರ್ಜಿಯಲ್ಲಿ ಹೀಗೆ ಬರೆದಿದ್ದೇವೆ: ನಮ್ಮ ಟವರಿನಿಂದ ಪೇಟೆಯ ಗುಡ್ಡಕ್ಕೆ ಇರುವ ಹಾಪಿನ ಚಾನೆಲನ್ನು 28ರಿಂದ 56 ಮೆಗಾಹರ್ಟ್ಸಿಗೆ ಏರಿಸಬೇಕು, ಅಕ್ಕಪಕ್ಕದ ಕ್ಯಾರಿಯರ್ ಸಿಗದಿದ್ದರೆ ಇರುವ 28ರಲ್ಲೇ ಅಡ್ಡ ಮತ್ತು ಲಂಬ ಎರಡೂ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಬಳಸಿ ಇನ್ನೊಂದು ರೇಡಿಯೊ ಜೋಡಿ ಹಾಕಬೇಕು, ಎರಡೂ ತುದಿಗೆ ನಾಲ್ಕು ಅಡಿಯ ಡಿಶ್ ಕಟ್ಟಬೇಕು, ಸಂಜೆ ಏಳರಿಂದ ಹತ್ತರವರೆಗೆ ಆ ಹಾಪ್ ಎಷ್ಟು ತುಂಬಿರುತ್ತದೆ ಎಂಬ ಒಂದು ವಾರದ ದಾಖಲೆಯನ್ನು ಪಂಚಾಯಿತಿಗೆ ಕೊಡಬೇಕು. ಪವರ್ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ.

ಬರುವ ಶನಿವಾರ ಮತ್ತೆ ಶಾಲೆಯ ಜಗಲಿಯಲ್ಲಿ ಸಹಿ ಸಂಗ್ರಹ ಇದೆ. ಸುತ್ತಲಿನ ಊರುಗಳವರು ತಮ್ಮ ಟವರಿನ ಡಿಶ್ಶಿನ ಫೋಟೊ ತೆಗೆದುಕೊಂಡು, ಅದು ಯಾವ ಗುಡ್ಡದ ಕಡೆ ಮುಖ ಮಾಡಿದೆ ಎಂದು ಗುರುತು ಮಾಡಿಕೊಂಡು ಬಂದರೆ, ಅವರವರ ಅರ್ಜಿಯನ್ನೂ ಅಲ್ಲೇ ಕೂತು ಬರೆದುಕೊಡುತ್ತೇನೆ.

ಇಂತಿ,
ನಿವೃತ್ತ ಮೈಕ್ರೋವೇವ್ ತಂತ್ರಜ್ಞ,
ತೀರ್ಥಹಳ್ಳಿ ತಾಲ್ಲೂಕು